ಎಂಟು ತೂತಿನ ಹಲಗೆ

ಅಣ್ಣ ಸತ್ತು ಮೂರು ವಾರವಾದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಗ್ಯಾರೇಜಿಗೆ ಬಂದರು. ಮದುವೆಯಾಗಿ ಬಂದು ಮೂವತ್ತೆಂಟು ವರ್ಷವಾಗಿದ್ದರೂ ಅವರು ನಮ್ಮ ಶೆಡ್ಡಿನೊಳಗೆ ಕಾಲಿಟ್ಟಿದ್ದು ಬೆರಳೆಣಿಕೆಯಷ್ಟು ಸಲ. ಶಾಲೆಯೊಂದರ ಆಫೀಸಿನಲ್ಲಿ ಟೈಪಿಸ್ಟ್ ಆಗಿರುವ ಅವರಿಗೆ ಕಪ್ಪು ಕಲೆ ಕಂಡರೆ ಆಗುವುದಿಲ್ಲ. ಅವತ್ತು ಮಾತ್ರ ನೆಲದ ಎಣ್ಣೆಯನ್ನೂ ಲೆಕ್ಕಿಸದೆ ನೇರವಾಗಿ ನಡೆದು ಬಂದು ಮೂಲೆಯಲ್ಲಿದ್ದ ಹಸಿರು ಕಾರಿನ ಮುಂದೆ ನಿಂತರು.

“ಇದೇನಾ?”

“ಇದೇ, ಅತ್ತಿಗೆ.”

“ಬಾನೆಟ್ ತೆಗಿ.”

ತೆಗೆದೆ. ಟೈಪ್ ಮಾಡಿದ ಕಾಗದದಲ್ಲಿ ತಪ್ಪು ಹುಡುಕುವಂತೆ ಎಂಜಿನ್ನನ್ನು ಎಡದಿಂದ ಬಲಕ್ಕೆ ನೋಡಿದರು. ನೋಡಿದರೆ ಏನೂ ತಿಳಿಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

“ಸಣ್ಣು,” ಎಂದರು. ನನಗೆ ಐವತ್ತು, ಅರ್ಧ ತಲೆ ಬೋಳು. ಆದರೂ ಅವರಿಗೆ ನಾನು ಸಣ್ಣುವೇ. ಅವರು ಮನೆಗೆ ಬಂದಾಗ ನಾನು ಹನ್ನೆರಡರ ಹುಡುಗ, ತಾಯಿ ಇಲ್ಲದವನು, ಮೂಗು ಒರೆಸಿಕೊಳ್ಳಲೂ ಯಾರಾದರೂ ಹೇಳಬೇಕಿತ್ತು. “ಆ ಕೊನೇ ನಾಲ್ಕು ದಿನ ನಿಮ್ಮಣ್ಣ ಊಟಕ್ಕೆ ಕೂತ್ರೆ ತಟ್ಟೆ ನೋಡ್ತಿರಲಿಲ್ಲ, ಕೈ ನೋಡ್ಕೋತಿದ್ರು. ಗಡಿಯಾರದವರ ಕಾರು ಬಿಚ್ಚಿ ಬಿಚ್ಚಿ ಹಾಕ್ತಿದೀನಿ, ಶಬ್ದ ನಿಲ್ತಾನೇ ಇಲ್ಲ, ನನ್ನ ಕೈಗೆ ಕೆಲಸ ಮರೆತುಹೋಗಿದೆ ಕಣೆ ಅಂದ್ರು. ನಲವತ್ತು ವರ್ಷ ಮಾಡಿದ ಕೆಲಸ. ಹಾಗೆ ಅಂದ್ಕೊಂಡೇ ಹೋಗ್ಬಿಟ್ರು.”

ನಾನು ಕೈ ಒರೆಸುವ ಬಟ್ಟೆಯನ್ನು ಮಡಿಸುತ್ತಾ ನಿಂತೆ.

“ನಂಗೆ ಒಂದೇ ಒಂದು ಗೊತ್ತಾಗ್ಬೇಕು. ಅವರ ಕೈ ನಿಜವಾಗ್ಲೂ ಕೆಟ್ಟಿತ್ತಾ? ನೀನು ಬಿಚ್ಚಿ ನೋಡು. ನೋಡಿದ್ದನ್ನ ಬಂದು ಹೇಳು. ನನ್ನ ಸಮಾಧಾನಕ್ಕೆ ಅಂತ ಏನೇನೋ ಪೋಣಿಸಬೇಡ.”

“ಕೆಟ್ಟಿದ್ರೆ?”

“ಕೆಟ್ಟಿದ್ರೆ ಕೆಟ್ಟಿತ್ತು ಅನ್ನು. ಗೊತ್ತಿಲ್ಲದೆ ಒದ್ದಾಡೋದಕ್ಕಿಂತ ಅದು ವಾಸಿ.”

ಅವರು ಹೋದ ಮೇಲೆ ಬಾನೆಟ್ ಮುಚ್ಚದೆ ಸ್ವಲ್ಪ ಹೊತ್ತು ನಿಂತಿದ್ದೆ. ಅಣ್ಣನ ಕೈ ಕೆಟ್ಟಿತ್ತು ಎಂದು ಕಂಡರೆ ಹಾಗೆಂದು ಹೇಳಬೇಕು. ಕೆಟ್ಟಿರಲಿಲ್ಲ ಎಂದು ಕಂಡರೆ ಶಬ್ದ ಯಾಕೆ ನಿಲ್ಲಲಿಲ್ಲ ಎಂದು ಹೇಳಬೇಕು. ಎರಡರಲ್ಲಿ ಒಂದು ಆಗಲೇಬೇಕಿತ್ತು. ನನಗೆ ಎರಡೂ ಒಂದೇ ಅನ್ನಿಸಿತು.

ಆ ಮೂರು ವಾರ ನನಗೆ ಎಲ್ಲವೂ ಒಂದೇ ಅನ್ನಿಸುತ್ತಿತ್ತು. ಶುಕ್ರವಾರ ಬೆಳಿಗ್ಗೆ ಅತ್ತಿಗೆ ಕೂಗಿದಾಗ ಓಡಿಹೋಗಿ ನೋಡಿದೆ. ಅಣ್ಣ ಮಗ್ಗುಲಾಗಿ ಮಲಗಿದ್ದ, ಮೈ ತಣ್ಣಗಿತ್ತು. ನಿದ್ದೆಯಲ್ಲೇ ಹೃದಯ ನಿಂತಿದೆ, ಯಾರೂ ಏನೂ ಮಾಡುವಂತಿರಲಿಲ್ಲ ಎಂದರು ಡಾಕ್ಟರು. ಸರಿ ಅಂದೆ. ಬಂದವರೆಲ್ಲ ಹೆಗಲ ಮೇಲೆ ಕೈಯಿಟ್ಟು ಧೈರ್ಯ ತಂದುಕೋ ಅಂದರು. ಧೈರ್ಯಕ್ಕೇನು, ಬೇಕಾದಷ್ಟಿತ್ತು, ಕೇಳಿದ್ದರೆ ಅವರಿಗೂ ಒಂದಿಷ್ಟು ಕೊಡುತ್ತಿದ್ದೆ. ಅಳು ಬರಲಿಲ್ಲ. ಹೊತ್ತು ಹೊತ್ತಿಗೆ ಹಸಿವಾಯಿತು, ಚೆನ್ನಾಗಿ ನಿದ್ದೆ ಬಂತು. ಹಲ್ಲು ಕೀಳಲು ಇಂಜೆಕ್ಷನ್ ಕೊಟ್ಟ ಮೇಲೆ ದವಡೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಳ್ಳುವವನ ಹಾಗೆ ಆಗಾಗ ‘ಅಣ್ಣ ಇಲ್ಲ’ ಎಂದು ಹೇಳಿಕೊಂಡು ನೋಡುತ್ತಿದ್ದೆ. ಏನೂ ಆಗುತ್ತಿರಲಿಲ್ಲ.

ಇದಕ್ಕೆ ಕಾರಣ ಇಲ್ಲದಿರಲಿಲ್ಲ. ನಾನೂ ಅವನೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಒಂದೇ ಮನೆಯಲ್ಲಿ ಇದ್ದೆವು, ಒಂದೇ ಶೆಡ್ಡಿನಲ್ಲಿ ದುಡಿದೆವು, ಕೆಲಸದ ಮೇಜೂ ಒಂದೇ, ಅದರ ಬಾಗಿಲ ಕಡೆಯ ಅರ್ಧ ಅವನದು, ಗೋಡೆ ಕಡೆಯ ಅರ್ಧ ನನ್ನದು. ಮಾತು ಮಾತ್ರ ಇಲ್ಲ. ಜಗಳದ ಕಾರಣ ಕೇಳಿದರೆ ನಗುತ್ತೀರಿ. ಗಿರಾಕಿಯೊಬ್ಬನ ಕಾರಿಗೆ ನಾನು ಚಕ್ರ ಹಾಕಿ, ನಟ್ಟು ಬಿಗಿದು ಎದ್ದು ನಿಂತೆ. ಅಣ್ಣ ಬಂದವನೇ ತುಟಿ ಪಿಟಕ್ಕೆನ್ನದೆ ಸ್ಪ್ಯಾನರ್ ಎತ್ತಿಕೊಂಡು ಅವೇ ನಟ್ಟುಗಳನ್ನು ಒಂದೊಂದಾಗಿ ಮತ್ತೆ ಬಿಗಿದ. ಒಂದೂ ಅಲ್ಲಾಡಲಿಲ್ಲ. ಒಂದಾದರೂ ಅಲ್ಲಾಡಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಗಿರಾಕಿ ನನ್ನ ಮುಖ ನೋಡಿ ಮುಗುಳ್ನಕ್ಕ. ಆಗ ನನಗೆ ನಲವತ್ತಾರು. ಆ ಸಂಜೆ ಅಣ್ಣ ಏನೋ ಕೇಳಿದಾಗ ನಾನು ಉತ್ತರ ಕೊಡಲಿಲ್ಲ. ಮಾರನೆಯ ದಿನ ಅವನೂ ಕೇಳಲಿಲ್ಲ. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ, ಒಬ್ಬರೂ ಒಂದು ಹೆಜ್ಜೆ ಇಳಿಯುವವರಲ್ಲ.

ಹೀಗಿದ್ದರೂ ಕೆಲಸ ನಡೆಯಬೇಕಲ್ಲ. ಪಕ್ಕದ ಶೆಡ್ಡಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಪೇಂಟರ್ ನಮ್ಮ ನಡುವಿನ ಟೆಲಿಫೋನ್ ಆದ. ಅಣ್ಣ ನನ್ನಿಂದ ನಾಲ್ಕಡಿ ದೂರದಲ್ಲಿ ನಿಂತು, “ಹದಿಮೂರರ ಸ್ಪ್ಯಾನರ್ ಇದೆಯಾ ಅಂತ ಕೇಳು” ಎಂದು ಗೋಡೆಯಾಚೆಗೆ ಕೂಗುತ್ತಿದ್ದ. “ಸಣ್ಣ ಮೇಸ್ತ್ರೀ, ಹದಿಮೂರು ಇದೆಯಾ?” “ಇಲ್ಲ ಅನ್ನು.” “ದೊಡ್ಡ ಮೇಸ್ತ್ರೀ, ಇಲ್ವಂತೆ.” ಒಂದು ದಿನ ಪೇಂಟರಿಗೂ ತಲೆ ಕೆಟ್ಟು, “ನಾನು ಸತ್ತರೆ ನೀವಿಬ್ಬರೂ ಒಬ್ಬರಿಗೊಬ್ಬರು ಕಾಗದ ಬರ್ಕೋಬೇಕು, ನೋಡ್ಕೊಳ್ಳಿ” ಎಂದು ರೇಗಿದ್ದ. ಅವನು ಈಗಲೂ ಗುಂಡುಕಲ್ಲಿನ ಹಾಗಿದ್ದಾನೆ.

ಮಾರನೆಯ ಬೆಳಿಗ್ಗೆ ಹಸಿರು ಕಾರನ್ನು ಸ್ಟಾರ್ಟ್ ಮಾಡಿದೆ.

ಅದು ಹಳೆಯ ಕಾರು, ಗಡಿಯಾರ ರಿಪೇರಿ ಮಾಡುವವರದು. ಇಡೀ ದಿನ ಅಂಗಡಿಯಲ್ಲಿ ಟಿಕ್ ಟಿಕ್ ಕೇಳುವ ಆ ಮನುಷ್ಯನಿಗೆ ಕಾರಿನಲ್ಲೂ ಟಿಕ್ ಟಿಕ್ ಬಂದರೆ ಸಹಿಸಲಾಗುವುದಿಲ್ಲವಂತೆ. ಅವರು ತಂದು ಬಿಟ್ಟಾಗ ಇದ್ದದ್ದು ಒಂದೇ ಒಂದು ಸದ್ದು, ಉಗುರಿನಿಂದ ಡಬ್ಬ ತಟ್ಟಿದಂತೆ. ಈಗ ನಾನು ಕೇಳಿದ್ದು ಬೇರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ಮುಂದಿನಿಂದ ಹಿಂದಕ್ಕೆ ಸರಿಯುತ್ತಾ ಹೋದೆ. ಎಂಟರಲ್ಲಿ ಆರು ಬಡಿಯುತ್ತಿದ್ದವು. ಒಂದಿದ್ದದ್ದನ್ನು ಆರು ಮಾಡಿ ಇಟ್ಟಿದ್ದ ಅಣ್ಣ. ಕೈ ಕೆಟ್ಟದ್ದು ನಿಜವೇ ಇರಬೇಕು ಅಂದುಕೊಂಡೆ.

ಬಡಿಯುತ್ತಿದ್ದವು ಟ್ಯಾಪೆಟ್ಟುಗಳು. ಈ ಹಳೆಯ ಎಂಜಿನ್ನಿನ ಹೊಟ್ಟೆಯಲ್ಲಿ ಉದ್ದನೆಯ ಶಾಫ್ಟೊಂದು ತಿರುಗುತ್ತದೆ, ಕ್ಯಾಮ್ ಶಾಫ್ಟ್ ಅನ್ನುತ್ತೇವೆ. ಅದರ ಮೈಮೇಲೆ ಎಂಟು ಉಬ್ಬು. ಒಂದೊಂದು ಉಬ್ಬಿನ ಮೇಲೂ ಒಂದೊಂದು ಟ್ಯಾಪೆಟ್ ಕೂತು, ಉಬ್ಬು ಬಂದಾಗ ಮೇಲೆದ್ದು ತನ್ನ ವಾಲ್ವನ್ನು ತೆರೆಯುತ್ತದೆ. ನೋಡಲು ಹೆಬ್ಬೆರಳು ಗಾತ್ರದ ಉಕ್ಕಿನ ಲೋಟ. ಒಳಗೆ ಎಣ್ಣೆ ತುಂಬಿಕೊಂಡು ಎಲ್ಲೂ ಸಂದು ಬೀಳದಂತೆ ನೋಡಿಕೊಳ್ಳುತ್ತದೆ. ಕೊಳೆ ಕಟ್ಟಿಕೊಂಡು ಎಣ್ಣೆ ನಿಲ್ಲದೆ ಹೋದರೆ ಸದ್ದು ಶುರುವಾಗುತ್ತದೆ. ಆಗ ಎಂಟನ್ನೂ ಹೊರಗೆ ತೆಗೆದು, ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆ ಕುಡಿಸಿ, ಯಾವುದು ಎಲ್ಲಿತ್ತೋ ಅಲ್ಲೇ ವಾಪಸ್ ಹಾಕಬೇಕು. ಅಲ್ಲೇ ಅನ್ನುವುದು ಮುಖ್ಯ. ಹದಿನೈದು ಇಪ್ಪತ್ತು ವರ್ಷ ಉಜ್ಜಿ ಉಜ್ಜಿ ಉಬ್ಬೂ ಟ್ಯಾಪೆಟ್ಟೂ ಒಂದಕ್ಕೊಂದು ಹೊಂದಿಕೊಂಡು ಸವೆದಿರುತ್ತವೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಮೊದಲು ಸದ್ದು ಹೆಚ್ಚುತ್ತದೆ, ಆಮೇಲೆ ಶಾಫ್ಟೇ ಹಾಳಾಗುತ್ತದೆ.

ಅದಕ್ಕೇ ನಮ್ಮಲ್ಲಿ ಹಲಗೆ ಇದೆ. ಮೊಳದುದ್ದದ ಮರ, ಅದರಲ್ಲಿ ಸಾಲಾಗಿ ಎಂಟು ತೂತು. ಮಾಡಿದ್ದು ನಮ್ಮಪ್ಪ. ತೆಗೆದ ಟ್ಯಾಪೆಟ್ಟುಗಳನ್ನು ಅದೇ ಕ್ರಮದಲ್ಲಿ ತೂತುಗಳಲ್ಲಿ ನಿಲ್ಲಿಸುತ್ತಾ ಹೋಗಬೇಕು. ಹಲಗೆಯ ಮೇಲೆ ಅಂಕಿ ಇಲ್ಲ, ಗುರುತಿಲ್ಲ, ಎರಡು ತುದಿಯೂ ಒಂದೇ ಥರ. ಅಪ್ಪನಿಗೆ ಓದುಬರಹ ಬರುತ್ತಿರಲಿಲ್ಲ. ಯಾರಾದರೂ ಅಂಕಿ ಬರೆಯೋಣ ಅಂದರೆ, “ಬರೆದದ್ದು ಎಣ್ಣೇಲಿ ಅಳಿಸಿಹೋಗುತ್ತೆ, ಬಾಗಿಲು ಎಲ್ಲಿಗೂ ಹೋಗಲ್ಲ” ಅನ್ನುತ್ತಿದ್ದ. ಅಂದರೆ ಎಂಜಿನ್ನಿನ ಮುಂದಿನ ತುದಿಯದು ಯಾವಾಗಲೂ ಬಾಗಿಲ ಕಡೆ. ಇನ್ನೊಂದು ಕಟ್ಟಳೆಯನ್ನೂ ಅವನೇ ಮಾಡಿದ್ದ. ಒಬ್ಬರ ಹಲಗೆಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮುಟ್ಟಲೇಬೇಕಾಗಿ ಬಂದರೆ ಹಲಗೆಯವನ ಎದುರಿಗೆ ‘ಮುಟ್ಟಿದೆ’ ಎಂದು ಗಟ್ಟಿಯಾಗಿ ಹೇಳಬೇಕು. ಹೇಳಿದರೆ ಹಲಗೆಯವನು ಬಯ್ಯುವುದಿಲ್ಲ, ಎಂಟನ್ನೂ ಒಂದೊಂದಾಗಿ ಪರೀಕ್ಷಿಸಿ ಆಮೇಲೆ ಹಾಕುತ್ತಾನೆ. ಹೇಳದಿದ್ದರೆ ಯಾರೂ ಮುಟ್ಟಿಲ್ಲ ಎಂದೇ ಅರ್ಥ, ಪರೀಕ್ಷೆಯ ಮಾತೇ ಇಲ್ಲ.

ಮೇಲಿನ ಮುಚ್ಚಳ ತೆಗೆದು, ಒಳಗಿನ ಕಡ್ಡಿಗಳನ್ನು ಎಳೆದಿಟ್ಟು, ಟ್ಯಾಪೆಟ್ಟುಗಳನ್ನು ಅಯಸ್ಕಾಂತದಿಂದ ಒಂದೊಂದಾಗಿ ಎತ್ತಿದೆ. ಮೊದಲನೆಯದನ್ನು ಬಿಚ್ಚಿದಾಗ ಏನೋ ಒಂದು ತಪ್ಪು ಸಿಗುತ್ತದೆ ಎಂದು ಕಾದೆ. ಸಿಗಲಿಲ್ಲ. ಒಳಗೆ ಕನ್ನಡಿಯಂತೆ ತೊಳೆದಿದ್ದ. ಸ್ಪ್ರಿಂಗು ನೆಟ್ಟಗಿತ್ತು, ಎಣ್ಣೆ ತುಂಬಿತ್ತು, ಒತ್ತಿದರೆ ಕಲ್ಲಿನ ಹಾಗೆ ನಿಂತಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಆರನೆಯದರಲ್ಲಿ ಹಳೆಯ ಸ್ಪ್ರಿಂಗು ಸೋತಿದ್ದಿರಬೇಕು, ಹೊಸದು ಹಾಕಿದ್ದ. ಎಂಟನ್ನೂ ನೋಡಿ ಮುಗಿಸಿದಾಗ ಮಧ್ಯಾಹ್ನವಾಗಿತ್ತು. ಇಷ್ಟು ಚೆನ್ನಾಗಿ ನನಗೆ ಬರುವುದಿಲ್ಲ. ಅವನು ಬದುಕಿದ್ದಾಗ ಇದನ್ನು ಒಪ್ಪಿಕೊಳ್ಳುತ್ತಿರಲಿಲ್ಲ, ಈಗ ಒಪ್ಪಿಕೊಂಡರೆ ಕೇಳುವವನಿಲ್ಲ.

ಹಾಗಾದರೆ ಸದ್ದು ಎಲ್ಲಿಂದ ಬರುತ್ತಿದೆ? ಇನ್ನು ಶಾಫ್ಟನ್ನೇ ನೋಡಬೇಕಿತ್ತು. ರೇಡಿಯೇಟರ್ ಇಳಿಸಿ, ಮುಂದಿನ ಮುಚ್ಚಳ ಬಿಚ್ಚಿ, ಚೈನು ತೆಗೆದು, ಉಸಿರು ಬಿಗಿಹಿಡಿದು ಶಾಫ್ಟನ್ನು ಹೊರಗೆಳೆದೆ. ಒರೆಸಿ ಮೇಜಿನ ಮೇಲೆ ಬಟ್ಟೆ ಹಾಸಿ ಮಲಗಿಸಿ, ಪಕ್ಕದಲ್ಲಿ ಟ್ಯಾಪೆಟ್ಟುಗಳನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿದೆ. ಅಷ್ಟರಲ್ಲಿ ಗಡಿಯಾರದವರು ಬಂದರು.

“ಅವಸರ ಏನಿಲ್ಲ ಮೇಸ್ತ್ರಿ,” ಎಂದರು. ಅವಸರವಿಲ್ಲ ಎಂದು ಹೇಳಲು ಅದು ಅವರ ನಾಲ್ಕನೇ ಸಲ. “ದೊಡ್ಡ ಮೇಸ್ತ್ರಿ ಹೋದ್ಮೇಲೆ ನಿಮಗೂ ಕಷ್ಟ. ಗೊತ್ತಾಯ್ತಾ ಏನಾಗಿದೆ ಅಂತ?”

“ನೋಡ್ತಾ ಇದೀನಿ. ಕಣ್ಣು ಸಾಲ್ತಿಲ್ಲ.”

ಅವರು ಜೇಬಿನಿಂದ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿಯ ಭೂತಗನ್ನಡಿ ತೆಗೆದರು. ಕೆಲವರು ಬೀಡಿ ಇಟ್ಟುಕೊಂಡಂತೆ ಅವರ ಜೇಬಿನಲ್ಲಿ ಅದು ಸದಾ ಇರುತ್ತದೆ. ಕೇಳದಿದ್ದರೂ ಸ್ಟೂಲ್ ಎಳೆದುಕೊಂಡು ಕೂತು ಒಂದು ಟ್ಯಾಪೆಟ್ ಎತ್ತಿ ಅದರ ತಳ ನೋಡಿದರು, ಶಾಫ್ಟಿನ ಉಬ್ಬು ನೋಡಿದರು, ಮತ್ತೆ ತಳ ನೋಡಿದರು. ನಾನು ಟಾರ್ಚ್ ಹಿಡಿದೆ.

“ಇದರ ತಳದಲ್ಲಿ ಒಂದು ಗೀರಿದೆ, ಕೂದಲಿನಷ್ಟು. ಅದರ ಜೋಡಿ ಗೀರು ಉಬ್ಬಿನ ಮೇಲೂ ಇರಬೇಕಲ್ವಾ?”

“ಇರಬೇಕು.”

“ಇಲ್ಲಿ ಇಲ್ಲ.” ಅವರು ಕಣ್ಣಿನ ಕನ್ನಡಿ ಸಮೇತ ಶಾಫ್ಟಿನುದ್ದಕ್ಕೂ ಬಗ್ಗಿಕೊಂಡು ಸರಿದರು, ಕೊನೆಗೆ ಆ ತುದಿಯಲ್ಲಿ ನಿಂತರು. “ಇಲ್ಲಿದೆ ನೋಡಿ. ಎಂಟನೇದರ ಮೇಲೆ. ನೀವು ತೆಗೆದಾಗ ಈ ಟ್ಯಾಪೆಟ್ಟು ಎಲ್ಲಿತ್ತು?”

“ಒಂದನೇದರಲ್ಲಿ.”

ಇನ್ನೊಂದು ಎತ್ತಿಕೊಂಡರು. ಎರಡನೇ ಜಾಗದಲ್ಲಿ ಇದ್ದದ್ದು ಏಳನೇ ಉಬ್ಬಿಗೆ ಕೂತಿತು. ಮೂರರಲ್ಲಿ ಇದ್ದದ್ದು ಆರನೇದಕ್ಕೆ. ಐದರಲ್ಲಿ ಇದ್ದದ್ದು ನಾಲ್ಕಕ್ಕೆ. ಹದಿನೈದು ವರ್ಷದ ಸವೆತ, ನಾಲ್ಕು ಸಲ ಐದೈದು ನಿಮಿಷ ಓಡಿಸಿದ ಮಾತ್ರಕ್ಕೆ ಅಳಿಸಿರಲಿಲ್ಲ. ಕೊನೆಯದನ್ನು ನೋಡುವ ಹೊತ್ತಿಗೆ ಅವರಿಗೆ ಖುಷಿ ತಡೆಯಲಾಗಲಿಲ್ಲ, ಒಗಟು ಬಿಡಿಸಿದ ಮಕ್ಕಳ ಹಾಗೆ ತೊಡೆ ತಟ್ಟಿಕೊಂಡರು.

“ಇದು ಕೈ ನಡುಗಿ ಆದ ತಪ್ಪಲ್ಲ ಮೇಸ್ತ್ರಿ. ಕೈ ತಪ್ಪಿದ್ರೆ ಒಂದೋ ಎರಡೋ ಅದಲು ಬದಲಾಗ್ತಿತ್ತು. ಇಲ್ಲಿ ಎಂಟಕ್ಕೆ ಎಂಟೂ ಉಲ್ಟಾ, ಅದೂ ಸಾಲು ಕೆಡದೆ. ನಿಮ್ಮಣ್ಣ ಇಟ್ಟದ್ದು ಸರಿಯಾಗೇ ಇದೆ. ಹಲಗೆ ತಿರುಗಿದೆ, ಅಷ್ಟೇ.” ಕನ್ನಡಿ ತೆಗೆದು ನನ್ನ ಕಡೆ ನೋಡಿದರು. “ಹಲಗೆ ಯಾರು ತಿರುಗಿಸಿದ್ರು?”

ನಾನು ಟಾರ್ಚ್ ಆರಿಸಿದೆ. ಅವರು ನನ್ನ ಮುಖದಲ್ಲಿ ಏನು ಕಂಡರೋ, ಕನ್ನಡಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡರು. ಅಂಗಡಿ ಬಾಗಿಲು ಹಾಕದೆ ಬಂದಿದ್ದೇನೆ ಎಂದು ಹೇಳಿ ಹೊರಟರು.

ನನಗೆ ಎಲ್ಲವೂ ಚೆನ್ನಾಗಿ ನೆನಪಿತ್ತು. ಆ ಸೋಮವಾರ ಅಣ್ಣ ಟ್ಯಾಪೆಟ್ಟುಗಳನ್ನು ತೊಳೆದು, ಹಲಗೆಯಲ್ಲಿ ನಿಲ್ಲಿಸಿ, ಧೂಳು ಬೀಳದಂತೆ ಮೇಲೆ ಬಟ್ಟೆ ಹೊದಿಸಿ, ಗ್ಯಾಸ್ಕೆಟ್ ತರಲು ಅಂಗಡಿಗೆ ಹೋಗಿದ್ದ. ನಾನು ಒಂದು ಗೇರ್ ಬಾಕ್ಸ್ ಇಳಿಸಿದ್ದೆ, ಎದೆಗೊತ್ತಿಕೊಂಡು ಹೊತ್ತು ತಂದಿದ್ದೆ, ನನ್ನ ಅರ್ಧದಲ್ಲಿ ಜಾಗ ಸಾಲಲಿಲ್ಲ. ಒಂದು ಕೈಯಲ್ಲಿ ಅದನ್ನು ಆನಿಸಿಕೊಂಡು ಇನ್ನೊಂದು ಕೈಯಲ್ಲಿ ಅವನ ಹಲಗೆಯನ್ನು ಬಟ್ಟೆ ಸಮೇತ ಎತ್ತಿ ಕಿಟಕಿಯಲ್ಲಿಟ್ಟೆ. ಗೇರ್ ಬಾಕ್ಸ್ ಕೆಲಸ ಮುಗಿದ ಮೇಲೆ ಹಲಗೆಯನ್ನು ಮೊದಲಿನ ಜಾಗದಲ್ಲಿ ತಂದಿಟ್ಟೆ. ಯಾವ ತುದಿ ಬಾಗಿಲ ಕಡೆ ಇತ್ತು ಎಂದು ನೋಡಲಿಲ್ಲ. ಹೇಗಿದ್ದರೂ ಅವನು ಬಂದ ಮೇಲೆ ಹೇಳುತ್ತೇನಲ್ಲ, ಅವನೇ ನೋಡಿಕೊಳ್ಳುತ್ತಾನೆ ಎಂದು ಒಂದು ಗಳಿಗೆ ಅನ್ನಿಸಿತು. ನಾಲ್ಕು ವರ್ಷದಿಂದ ಮಾತಿಲ್ಲ ಅನ್ನುವುದು ಕೈಗೆ ಮರೆತುಹೋಗಿರಬೇಕು.

ಅವನು ಬಂದ. ಬಟ್ಟೆ ತೆಗೆದ. ಪೇಂಟರ್ ಅವತ್ತು ರಜೆ, ಹೇಳಿ ಕಳಿಸಲು ಯಾರೂ ಇರಲಿಲ್ಲ. ಮೂರಕ್ಷರದ ಮಾತು, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮೊದಲು ಬಾಯಿ ಬಿಟ್ಟವನು ಸೋತ ಹಾಗೆ ಎಂದು ನಾನು ಯಾವತ್ತೋ ತೀರ್ಮಾನ ಮಾಡಿಕೊಂಡಿದ್ದೆ. ಬಾಯಿಗೆ ಬೀಗ ಹಾಕಿಕೊಂಡು ಗೇರ್ ಬಾಕ್ಸ್ ಒರೆಸುತ್ತಾ ಕೂತೆ. ಅವನು ಬಾಗಿಲ ಕಡೆಯದನ್ನು ಎತ್ತಿ ಒಂದನೆಯ ಜಾಗಕ್ಕೆ ಹಾಕಿದ.

ಸೋಮವಾರ ಸಂಜೆ ಸದ್ದು ಬಂತು. ಮಂಗಳವಾರ ಬಿಚ್ಚಿದ, ತೊಳೆದ, ಹಾಕಿದ. ಅಷ್ಟೇ ಸದ್ದು. ಬುಧವಾರ ಮತ್ತೆ. ತಪ್ಪಿದ ಕ್ರಮವನ್ನೇ ಸರಿಯಾದ ಕ್ರಮವೆಂದು ನಂಬಿ ಅಷ್ಟೇ ಶ್ರದ್ಧೆಯಿಂದ ತೆಗೆದು ಹಾಕಿ ಮಾಡುತ್ತಿದ್ದ. ಸದ್ದಿಗೆ ಹಲಗೆಯೇ ಕಾರಣ ಎಂದು ನನಗೆ ಆಗಲೇ ಹೊಳೆದಿತ್ತೇ ಎಂದು ಕೇಳಿದರೆ, ಇಲ್ಲ. ಆದರೆ ಇನ್ನೊಂದು ವಿಷಯ ಹೇಳಬೇಕು. ಆ ಸದ್ದು ಕೇಳುತ್ತಿದ್ದಾಗ ನನಗೆ ಒಳಗೊಳಗೇ ಹಿತವಾಗುತ್ತಿತ್ತು. ನಾನು ಬಿಗಿದ ನಟ್ಟನ್ನು ಮತ್ತೆ ಬಿಗಿದವನಲ್ಲವೇ, ಈಗ ಅನುಭವಿಸಲಿ ಅಂದುಕೊಂಡಿದ್ದೆ. ಮಂಗಳವಾರ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಶಿಳ್ಳೆ ಕೂಡ ಹಾಕಿದೆ.

ಎಲ್ಲವನ್ನೂ ವಾಪಸ್ ಜೋಡಿಸಲು ಎರಡು ದಿನ ಬೇಕಾಯಿತು. ಶಾಫ್ಟಿಗೆ ಪುಣ್ಯಕ್ಕೆ ಏನೂ ಆಗಿರಲಿಲ್ಲ. ಟ್ಯಾಪೆಟ್ಟುಗಳನ್ನು ಅವುಗಳ ಸ್ವಂತ ಜಾಗಕ್ಕೆ ಹಾಕಿದೆ. ಒಂದನ್ನೂ ನಾನು ತೊಳೆಯಲಿಲ್ಲ, ಒಂದು ಸ್ಪ್ರಿಂಗೂ ಬದಲಿಸಲಿಲ್ಲ, ಎಲ್ಲವೂ ಅಣ್ಣ ಮಾಡಿದ್ದೇ. ಕೀಲಿ ತಿರುಗಿಸಿದೆ. ಮೊದಲ ಅರ್ಧ ನಿಮಿಷ, ಎಣ್ಣೆ ಏರುವವರೆಗೆ, ಸ್ವಲ್ಪ ಗಲಾಟೆ. ಆಮೇಲೆ ನಿಂತಿತು. ಸ್ಕ್ರೂಡ್ರೈವರ್ ಕಿವಿಗಿಟ್ಟು ಎಂಟೂ ಕಡೆ ಕೇಳಿದೆ. ಹೊಲಿಗೆ ಮೆಷಿನ್ನಿನಷ್ಟು ಮೆತ್ತಗೆ ಓಡುತ್ತಿತ್ತು. ಪೇಂಟರ್ ಬಾಗಿಲಿಗೆ ಬಂದು ಇಣುಕಿ, “ಗೆದ್ಬಿಟ್ರಿ ಮೇಸ್ತ್ರಿ” ಅಂದ. ಸಂತೋಷವಾಗಬೇಕಿತ್ತು, ಇಲ್ಲವೇ ದುಃಖವಾಗಬೇಕಿತ್ತು. ಎಂಜಿನ್ ಆರಿಸಿ ಕೈ ತೊಳೆದುಕೊಂಡೆ.

ಮನೆಗೆ ಹೋಗುವ ದಾರಿಯಲ್ಲಿ ಒಂದು ಸುಳ್ಳನ್ನು ಚೆನ್ನಾಗಿ ತಯಾರು ಮಾಡಿದೆ. ಹೊಸ ಎಣ್ಣೆಯೇ ಕಲಬೆರಕೆಯಾಗಿತ್ತು ಅತ್ತಿಗೆ, ಎಣ್ಣೆ ಬದಲಿಸಿದ ಮೇಲೆ ಸರಿಹೋಯಿತು, ಅಣ್ಣನ ಕೈಯಲ್ಲಿ ತಪ್ಪಿರಲಿಲ್ಲ. ಎಲ್ಲೂ ಸಂದಿಲ್ಲದ ಸುಳ್ಳು. ಅಣ್ಣನೂ ಉಳಿಯುತ್ತಿದ್ದ, ನಾನೂ ಉಳಿಯುತ್ತಿದ್ದೆ. ಅತ್ತಿಗೆ ಎಂಜಿನ್ ನೋಡಿ ಸತ್ಯ ಕಂಡುಹಿಡಿಯುವವರಲ್ಲ. ಗಡಿಯಾರದವರು ಬಾಯಿ ಬಿಡುವ ಜನ ಅಲ್ಲ.

ಅತ್ತಿಗೆ ಊಟದ ಮೇಜಿನ ಮೇಲೆ ಶಾಲೆಯ ಕಾಗದಗಳನ್ನು ಹರಡಿಕೊಂಡು ತಿದ್ದುತ್ತಾ ಕೂತಿದ್ದರು. ಆರು ಗಂಟೆಯ ಬಿಸಿಲು ಕಿಟಕಿಯಿಂದ ಮೇಜಿನ ಅರ್ಧಕ್ಕೆ ಬಿದ್ದಿತ್ತು. ನನ್ನನ್ನು ಕಂಡು ಪೆನ್ ಮುಚ್ಚಿಟ್ಟರು.

“ಆಯ್ತಾ?”

“ಆಯ್ತು. ಸದ್ದು ನಿಂತಿದೆ.”

“ಏನಾಗಿತ್ತು?”

ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಎಣ್ಣೆ ಅನ್ನುವ ಮಾತು ಬಾಯಿಯವರೆಗೆ ಬಂತು. ಅವರು ಎರಡೂ ಅಂಗೈಗಳನ್ನು ಮೇಜಿಗೆ ಒತ್ತಿಕೊಂಡು, ಏನು ಬಂದರೂ ಬರಲಿ ಎಂದು ಕಾಯುತ್ತಿದ್ದರು. ಪೋಣಿಸಬೇಡ ಎಂದು ಕೇಳಿಕೊಂಡಿದ್ದರು. ನನ್ನ ಹನ್ನೆರಡನೇ ವಯಸ್ಸಿನಿಂದ ಅವರು ನನ್ನ ಹತ್ತಿರ ಬೇರೇನನ್ನೂ ಕೇಳಿಕೊಂಡಿರಲಿಲ್ಲ.

“ಅಣ್ಣನ ಕೈ ಕೆಟ್ಟಿರಲಿಲ್ಲ,” ಎಂದೆ. “ಅವನ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವನ ಹಲಗೆ ನಾನು ಎತ್ತಿಟ್ಟಿದ್ದೆ. ವಾಪಸ್ ಇಡುವಾಗ ತಿರುಗಿಸಿಟ್ಟೆ. ಅವನಿಗೆ ಹೇಳಲಿಲ್ಲ.”

ಹಲಗೆಯ ಕಟ್ಟಳೆ ಅವರಿಗೂ ಗೊತ್ತಿತ್ತು. ಅಪ್ಪ ಬದುಕಿದ್ದಾಗ ಊಟದ ಹೊತ್ತಿಗೆ ಎಷ್ಟೋ ಸಲ ಕೇಳಿದ್ದರು. ಆದರೂ ಎಲ್ಲವನ್ನೂ ಬಿಡಿಸಿ ಹೇಳಿದೆ. ಸೋಮವಾರ, ಗೇರ್ ಬಾಕ್ಸ್, ಕಿಟಕಿ, ಬಟ್ಟೆ. ನನ್ನ ದನಿ ಗಿರಾಕಿಗೆ ಕೆಲಸ ವಿವರಿಸುವ ದನಿಯ ಹಾಗೇ ಇತ್ತು. ಮುಗಿದ ಮೇಲೆ ಅವರು ಉಸಿರು ಬಿಟ್ಟರು.

“ಹಾಗಾದ್ರೆ ಅವರ ಕೈ ಸರಿಯಾಗಿತ್ತು.”

“ಸರಿಯಾಗಿತ್ತು.”

ಅವರ ಕಣ್ಣಲ್ಲಿ ನೀರು ತುಂಬಿತು, ಆದರೆ ಮುಖ ಸಡಿಲವಾಯಿತು. ಮೂರು ವಾರದಲ್ಲಿ ಮೊದಲ ಸಲ ಅವರು ಕುರ್ಚಿಗೆ ಒರಗಿ ಕೂತದ್ದನ್ನು ನೋಡಿದೆ. ಬದುಕಿದೆ ಅಂದುಕೊಂಡೆ. ಇಷ್ಟಕ್ಕೇ ಮುಗಿಯಿತು ಎಂದು ಏಳಲು ಹೋದೆ.

“ಬುಧವಾರ ಮಲಗೋ ಮುಂಚೆ ಒಂದು ಮಾತು ಅಂದ್ರು,” ಎಂದರು ಅತ್ತಿಗೆ. “ನಾಳೆ ಸಣ್ಣೂನ ಕರೆದು ಕೇಳಿಸ್ತೀನಿ, ಅವನ ಕಿವಿ ನನ್ನದಕ್ಕಿಂತ ಚುರುಕು ಅಂದ್ರು. ಮಾನ ಮರ್ಯಾದೆ ಎಲ್ಲಾ ಬಿಟ್ಟು ನಾನೇ ಮೊದಲು ಮಾತಾಡಿಸ್ತೀನಿ ಅಂದ್ರು. ಗುರುವಾರ ಸಂಜೆ ಬಂದಾಗ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಿನ್ನನ್ನ ಕೇಳಿದ್ರಾ?”

ಇಲ್ಲ ಅಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಅವನು ನನ್ನನ್ನು ಏನನ್ನೂ ಕೇಳಿರಲಿಲ್ಲ. ಗುರುವಾರದ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಈ ಕತೆಯಲ್ಲೂ ಹೇಳದೆ ದಾಟಿಸಿ ಬಂದಿದ್ದೇನೆ.

“ಬಂದಿದ್ದ,” ಎಂದೆ. “ಒಂದು ಟ್ಯಾಪೆಟ್ಟು ಕೈಯಲ್ಲಿ ಹಿಡ್ಕೊಂಡು ಬಂದು ನನ್ನ ಹಿಂದೆ ನಿಂತ.”

“ಏನಂದ್ರು?”

“ಸಣ್ಣು ಅಂದ.”

“ನೀನು?”

“ತಿರುಗಲಿಲ್ಲ. ನಟ್ಟಿನ ಡಬ್ಬ ಜೋರಾಗಿ ಅಲ್ಲಾಡಿಸ್ದೆ. ಕೇಳಿಸಲಿಲ್ಲ ಅನ್ನೋ ಹಾಗೆ.”

“ಎಷ್ಟೊತ್ತು ನಿಂತಿದ್ರು?”

“ತುಂಬಾ ಹೊತ್ತು. ನಾನು ನಟ್ಟು ಹುಡುಕ್ತಾನೇ ಇದ್ದೆ.”

ಅತ್ತಿಗೆ ಮೇಜಿನ ಮೇಲಿನ ಬಿಸಿಲನ್ನು ನೋಡುತ್ತಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ವಾಕ್ಯ ಎಲ್ಲಿ ತಪ್ಪಿದೆ ಎಂದು ಹುಡುಕುವ ದನಿ.

“ಸಿಕ್ತಾ?”

“ಏನು?”

“ನಟ್ಟು.”

“ನಾನು ಏನನ್ನೂ ಹುಡುಕ್ತಾ ಇರಲಿಲ್ಲ, ಅತ್ತಿಗೆ.”

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿ, ಕೆನ್ನೆಗೆ ಎರಡು ಬಿಗಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಷ್ಟರಲ್ಲಿ ನನ್ನ ಎದೆಯೊಳಗೆ ಎಲ್ಲೋ ನೋಯಲು ಶುರುವಾಗಿತ್ತು. ಅವರು ಕಾಗದಗಳನ್ನು ಒಟ್ಟುಮಾಡಿ, ಅಂಚು ಸಮ ಮಾಡಿಕೊಂಡು, ಎದ್ದು ಒಳಗೆ ಹೋದರು. ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ.